ಎಸ್‌ವಿಎನ್ ಬಿಟ್ಟು ಗಿಟ್‌ಗೆ ಹೋಗಬೇಕಾ?

ಎಂಟು ಜನರ ತಂಡ, ಹನ್ನೊಂದು ವರ್ಷದ ಕೋಡ್, ಎಲ್ಲವೂ ಸಬ್‌ವರ್ಷನ್‌ನಲ್ಲಿದೆ (ಅದೇ ಎಸ್‌ವಿಎನ್; ಗಿಟ್‌ನ ಹಾಗೆ ಇದೂ ಕೋಡ್‌ನಲ್ಲಿ ಆಗುವ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಧನ), ಹೊಸದಾಗಿ ಸೇರಿದವರು ಗಿಟ್ ಬೇಕು ಅಂತ ಪಟ್ಟು ಹಿಡಿದಿದ್ದಾರೆ ಅಂತ ಬರೆದಿದ್ದೀರಿ. ಬದಲಾಯಿಸಿ ಅಂತಲೇ ನಾನು ಹೇಳುವುದು. ಆದರೆ ಅವಸರ ಬೇಡ. ಇದೇ ಕೆಲಸಕ್ಕೆ ಕೈಹಾಕಿ ಒಮ್ಮೆ ಕೈ ಸುಟ್ಟುಕೊಂಡವನು ನಾನು.

ಮೊದಲು ನೋಡಬೇಕಾದ್ದು, ಈಗಿರುವುದರಿಂದ ದಿನಾ ಏನು ತೊಂದರೆ ಆಗುತ್ತಿದೆ ಅನ್ನುವುದು. ನಮ್ಮಲ್ಲಿ ಬ್ರಾಂಚ್ (ಬೇರೆಯಾಗಿ ಕೆಲಸ ಮಾಡಲು ಕೋಡ್‌ನ ಒಂದು ಕವಲು) ಮಾಡಲು ಒಂದು ನಿಮಿಷ ಸಾಕಿತ್ತು. ಅದನ್ನು ಟ್ರಂಕ್‌ಗೆ, ಅಂದರೆ ಮುಖ್ಯ ಕೋಡ್‌ಗೆ, ಮರ್ಜ್ ಮಾಡಿ ಸೇರಿಸುವ ದಿನ ಮಾತ್ರ ಎಲ್ಲರಿಗೂ ಏನಾದರೊಂದು ಬೇರೆ ಕೆಲಸ ಇರುತ್ತಿತ್ತು! ಹಾಗಾಗಿ ಬ್ರಾಂಚ್ ಗೊಡವೆಯೇ ಬೇಡ ಅಂತ ಅರ್ಧಂಬರ್ಧ ಕೋಡನ್ನೂ ಸೀದಾ ಟ್ರಂಕ್‌ಗೇ ಹಾಕುತ್ತಿದ್ದೆವು. ನಿಮ್ಮ ಕತೆಯೂ ಇದೇ ಆಗಿದ್ದರೆ ಗಿಟ್‌ನಿಂದ ನಿಜಕ್ಕೂ ಲಾಭ ಇದೆ. ಎಲ್ಲರೂ ಹೋದರು ಅಂತ ಸುಮ್ನೆ ಹೊರಡುವುದಾದರೆ ಸ್ವಲ್ಪ ತಡೆಯಿರಿ. ಗಿಟ್ ಬಂದಿದ್ದು 2005ರಲ್ಲಿ. ದೊಡ್ಡ ಕಂಪೈಲರ್ ಯೋಜನೆಗಳಾದ ಎಲ್‌ಎಲ್‌ವಿಎಂ ಎಸ್‌ವಿಎನ್ ಬಿಟ್ಟಿದ್ದು 2019ರಲ್ಲಿ, ಜಿಸಿಸಿ 2020ರ ಜನವರಿಯಲ್ಲಿ. ಅಷ್ಟು ವರ್ಷ ಅವರ ಕೆಲಸವೇನೂ ನಿಂತಿರಲಿಲ್ಲ ಅಲ್ವಾ? ಪೈಥಾನ್ ಭಾಷೆಯವರು 2011ರಲ್ಲಿ ಎಸ್‌ವಿಎನ್‌ನಿಂದ ಮರ್ಕ್ಯುರಿಯಲ್ ಅನ್ನುವ ಇಂಥದ್ದೇ ಇನ್ನೊಂದು ಸಾಧನಕ್ಕೆ ಹೋಗಿ, 2017ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಗಿಟ್‌ಗೆ ಬಂದರು.

ನಿಮ್ಮ ರೆಪೊದಲ್ಲಿ (ಎಲ್ಲ ಫೈಲುಗಳನ್ನೂ ಇಡುವ ಕಣಜದಲ್ಲಿ) ಕೋಡ್‌ಗಿಂತ ದೊಡ್ಡ ದೊಡ್ಡ ಚಿತ್ರ, ವಿಡಿಯೊ, ತ್ರೀಡಿ ಫೈಲುಗಳೇ ಜಾಸ್ತಿ ಇದ್ದರೆ ಎಸ್‌ವಿಎನ್‌ನಲ್ಲೇ ಇರಿ. ಅಂಥ ಫೈಲುಗಳನ್ನು ಮರ್ಜ್ ಮಾಡಲು ಬರುವುದಿಲ್ಲ, ಒಬ್ಬರು ತಿದ್ದುವಾಗ ಇನ್ನೊಬ್ಬರು ಕೈಹಾಕದ ಹಾಗೆ ಲಾಕ್ ಬೇಕೇ ಬೇಕು. ಗಿಟ್‌ಗೂ ದೊಡ್ಡ ಫೈಲುಗಳಿಗೆ ಅಂತ ಎಲ್‌ಎಫ್‌ಎಸ್ ಅನ್ನುವ ಸೇರ್ಪಡೆ ಇದೆ, ಅದರಲ್ಲಿ ಲಾಕ್ ಕೂಡ ಇದೆ. ಆದರೂ ನನಗದು ಆಮೇಲೆ ಹಾಕಿದ ತೇಪೆಯ ಹಾಗೇ ಕಾಣುತ್ತದೆ.

ಇನ್ನು ಸಾಗಿಸುವ ಕೆಲಸ. ಗಿಟ್-ಎಸ್‌ವಿಎನ್ ಕಮಾಂಡ್ ಹಳೆಯ ಕಮಿಟ್‌ಗಳನ್ನೆಲ್ಲ, ಅಂದರೆ ದಾಖಲಾದ ಬದಲಾವಣೆಗಳನ್ನೆಲ್ಲ, ತಂದುಕೊಡುತ್ತದೆ. ಆದರೆ ಕಮಿಟ್ ಮಾಡಿದವರು ಯಾರು ಅನ್ನುವುದಕ್ಕೆ ಎಸ್‌ವಿಎನ್‌ನಲ್ಲಿ ಇರುವುದು ಬರೀ ಲಾಗಿನ್ ಹೆಸರು. ಯಾವ ಲಾಗಿನ್ ಯಾರದು, ಅವರ ಈಮೇಲ್ ಏನು ಅಂತ ಒಂದು ಪಟ್ಟಿ ಮಾಡಿಕೊಡಬೇಕು. ನಮ್ಮಲ್ಲಿ 'ಟೆಂಪ್' ಅನ್ನುವ ಲಾಗಿನ್‌ನಿಂದ ಆರುನೂರು ಕಮಿಟ್ ಇತ್ತು. ಅದು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ.

ನಿಜವಾದ ಎಡವಟ್ಟು ಆಗಿದ್ದು ಬೇರೆ ಕಡೆ. ನಮ್ಮ ಹಳೆಯ ಬಗ್ ಟಿಕೆಟ್‌ಗಳಲ್ಲೆಲ್ಲ "4312ರಲ್ಲಿ ಸರಿ ಮಾಡಿದೆ" ಅಂತ ರಿವಿಷನ್ ನಂಬರ್ (ಎಸ್‌ವಿಎನ್ ಪ್ರತಿ ಕಮಿಟ್‌ಗೂ ಕೊಡುವ ಕ್ರಮಸಂಖ್ಯೆ) ಬರೆದಿರುತ್ತಿದ್ದರು. ಗಿಟ್‌ನಲ್ಲಿ ಆ ನಂಬರ್ ಇಲ್ಲ, ಅದರ ಬದಲು ಹ್ಯಾಶ್ ಅನ್ನುವ 40 ಅಕ್ಷರದ ಗುರುತು ಇದೆ. ಗಿಟ್-ಎಸ್‌ವಿಎನ್ ತಾನಾಗಿಯೇ ಪ್ರತಿ ಕಮಿಟ್ ಸಂದೇಶದ ಕೊನೆಗೆ ಹಳೆಯ ನಂಬರ್ ಇರುವ ಒಂದು ಸಾಲು ಸೇರಿಸುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ನಾನು 'ನೋ ಮೆಟಾಡೇಟಾ' ಆಯ್ಕೆ ಕೊಟ್ಟು ಅದನ್ನು ತೆಗೆಸಿದ್ದೆ. ಟಿಕೆಟ್‌ಗಳ ಜೊತೆಗಿನ ನಂಟೂ ಅದರ ಜೊತೆಗೇ ಹೋಯಿತು. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಅಭ್ಯಾಸ ಬದಲಾಗುವುದು ಇನ್ನೂ ನಿಧಾನ. ಎಸ್‌ವಿಎನ್‌ನಲ್ಲಿ ಕಮಿಟ್ ಮಾಡಿದರೆ ಸರ್ವರ್‌ಗೆ ಹೋಯಿತು ಅಂತಲೇ ಲೆಕ್ಕ. ಗಿಟ್‌ನಲ್ಲಿ ಪುಶ್ ಮಾಡುವ, ಅಂದರೆ ಸರ್ವರ್‌ಗೆ ಕಳಿಸುವ ತನಕ ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ವಾರವಿಡೀ ಶಿಸ್ತಾಗಿ ಕಮಿಟ್ ಮಾಡಿದರು, ಪುಶ್ ಮಾಡಲಿಲ್ಲ. ಶುಕ್ರವಾರ ಡಿಸ್ಕ್ ಕೈಕೊಟ್ಟಿತು. "ಕಮಿಟ್ ಮಾಡಿದ್ದೆನಲ್ಲಪ್ಪಾ" ಅಂತ ಅವರು, ಏನು ಹೇಳಬೇಕೋ ತೋಚದೆ ನಾನು. ಎರಡು ದಿನ ಎಲ್ಲರನ್ನೂ ಕೂರಿಸಿ ಒಂದು ಡಮ್ಮಿ ರೆಪೊದಲ್ಲಿ ಕೈಯಾಡಿಸಲು ಬಿಟ್ಟಿದ್ದರೆ ಇದು ತಪ್ಪುತ್ತಿತ್ತು.

ರಿಲೀಸ್ ಮುಗಿದ ಮರುದಿನ ಬದಲಾಯಿಸಿ, ಮುಂಚೆ ಬೇಡ. ಸ್ವಲ್ಪ ದಿನ ಎರಡರಲ್ಲೂ ಕೆಲಸ ಮಾಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಯಾವುದು ಹೊಸದು ಅಂತಲೇ ಗೊತ್ತಾಗುವುದಿಲ್ಲ. ಹಳೆಯ ಸರ್ವರ್ ಅಳಿಸಬೇಡಿ, ಓದಲು ಮಾತ್ರ ಬರುವ ಹಾಗೆ ಇಡಿ. ನಮ್ಮದು ಇವತ್ತಿಗೂ ಹಾಗೇ ಇದೆ. ತಿಂಗಳಿಗೊಮ್ಮೆ ಯಾರಾದರೂ ಅಲ್ಲಿಗೆ ಹೋಗಿ 4312ರಂಥ ನಂಬರ್ ಹುಡುಕುತ್ತಿರುತ್ತಾರೆ. ಜಾಸ್ತಿ ಸಲ ಅದು ನಾನೇ.