ಎಸ್‌ಡಿಎಂಸಿ ಸದಸ್ಯರ ಕೆಲಸ ಸಹಿ ಹಾಕೋದಷ್ಟೇನಾ? ಊರಿನವರು ಕೇಳಿದರೆ ಶಾಲೆಗೆ ದುಡ್ಡು ಬರುತ್ತಾ?

ನಿಮ್ಮದು ಸಂಡೂರು ತಾಲೂಕಿನ ಗಣಿ ಪಕ್ಕದ ಹಳ್ಳಿ. ಹೋದ ತಿಂಗಳು ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಆಯ್ಕೆಯಾದಿರಿ. ಮೊದಲ ಸಭೆಯಲ್ಲೇ ಠರಾವು ಪುಸ್ತಕ ಮುಂದಿಟ್ಟು "ಇಲ್ಲೊಂದು ಸಹಿ ಹಾಕಿ" ಅಂದರು. ಊರಿನವರ ಮಾತಿಗೆ ನಿಜವಾಗಲೂ ಅನುದಾನ ಬರುತ್ತಾ, ಇಲ್ಲ ಎಲ್ಲಾ ಮೇಲೇ ನಿರ್ಧಾರ ಆಗಿರುತ್ತಾ ಅಂತ ಕೇಳಿದ್ದೀರಿ.

ಬರುತ್ತೆ. ಆದರೆ ಸುಮ್ನೆ "ಶಾಲೆಗೆ ದುಡ್ಡು ಕೊಡಿ" ಅಂದರೆ ಬರಲ್ಲ. ಯಾವ ಕೆಲಸಕ್ಕೆ ಯಾವ ಚೀಲದಲ್ಲಿ ದುಡ್ಡಿದೆ ಅಂತ ಗೊತ್ತಿರಬೇಕು. ಆ ಚೀಲದ ಬಾಯಿ ಯಾವ ತಿಂಗಳು ತೆರೆಯುತ್ತೆ ಅನ್ನೋದೂ ಗೊತ್ತಿರಬೇಕು. ಇದನ್ನ ಕಲಿಯೋಕೆ ನನಗೆ ಒಂದು ವರ್ಷ ಹಾಳಾಯಿತು.

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನವನು. ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರು ವರ್ಷ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಸಹಿ ಹಾಕಿದೆ. ಒಂದು ಸಲ ಅರ್ಧ ಖಾಲಿ ಇದ್ದ ಪುಟಕ್ಕೂ ಹಾಕಿದೆ, "ಆಮೇಲೆ ತುಂಬ್ತೀವಿ" ಅಂದರು ಅಂತ. ನಾಲ್ಕು ತಿಂಗಳಾದ ಮೇಲೆ ಶಾಲೆ ಹಿಂದೆ ಎರಡು ಶೌಚಾಲಯ ಎದ್ದವು. ಬಿಳಿ ಟೈಲ್ಸು, ನೀಲಿ ಬಾಗಿಲು, ಗೋಡೆ ಮೇಲೆ ಹುಡುಗ–ಹುಡುಗಿ ಚಿತ್ರ. ನೀರಿನ ಪೈಪ್ ಮಾತ್ರ ಇಲ್ಲ! ಎರಡು ವಾರಕ್ಕೆ ಬೀಗ ಬಿತ್ತು. ಪುಸ್ತಕ ತೆಗೆದು ನೋಡಿದರೆ "ಪೋಷಕರ ಬೇಡಿಕೆಯ ಮೇರೆಗೆ" ಅಂತ ಬರೆದಿತ್ತು, ಕೆಳಗೆ ನನ್ನದೇ ಸಹಿ. ಬಿಸಿಯೂಟ ಮಾಡುವ ಅಮ್ಮ ಒಬ್ಬರು ಎಲ್ಲರ ಮುಂದೆ ಕೇಳಿದರು: "ನೀರ ಇಲ್ದ ಸಂಡಾಸಕ್ಕ ಕೀಲಿ ಹಾಕಾಕ ಇಷ್ಟ್ ಮಂದಿ ಸಹಿ ಮಾಡೀರೇನ್ರಿ?" ಅವತ್ತು ನನಗೆ ಬಾಯೇ ಬರಲಿಲ್ಲ.

ಆಮೇಲೆ ಒಂದು ವರ್ಷ ಶಿಕ್ಷಣ ಇಲಾಖೆ ಕಚೇರಿಗೆ ಅರ್ಜಿ ಹಿಡಿದು ಓಡಾಡಿದೆ. ಪೈಪ್‌ಲೈನ್ ಕೊಡಿ, ಒಂದು ಟ್ಯಾಂಕ್ ಕೊಡಿ ಅಂತ. "ಅನುದಾನ ಇಲ್ಲ" ಅಂದರು. ಸುಳ್ಳಲ್ಲ, ಅವರ ಹತ್ತಿರ ಅದಕ್ಕೆ ನಿಜವಾಗಲೂ ಇರಲಿಲ್ಲ. ದುಡ್ಡು ಇದ್ದಿದ್ದು ನಮ್ಮ ಶಾಲೆಯಿಂದ ಕೂಗಳತೆಯಲ್ಲಿರುವ ಗ್ರಾಮ ಪಂಚಾಯಿತಿಯಲ್ಲಿ. ಆಗ 15ನೇ ಹಣಕಾಸು ಆಯೋಗದ ದುಡ್ಡು ಪಂಚಾಯಿತಿಗೆ ಬರುತ್ತಿತ್ತು. ಅದರಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅನ್ನೋ ನಿಯಮ ಇತ್ತು. ಹೇಳಿದ್ದು ಯಾರು ಗೊತ್ತಾ? ಪಂಚಾಯಿತಿಯ ವಾಟರ್‌ಮ್ಯಾನ್. ಚಹಾ ಕುಡಿಯುತ್ತಾ ಹೇಳಿದ. ಗ್ರಾಮಸಭೆಯಲ್ಲಿ ಹೆಣ್ಮಕ್ಕಳು ಎದ್ದು ನಿಂತು ಕೇಳಿದರು, ಕ್ರಿಯಾಯೋಜನೆಗೆ ಸೇರಿತು, ಮುಂದಿನ ಬೇಸಿಗೆಗೆ ಮೊದಲು ನೀರು ಬಂತು.

ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದ ಇದೆ. ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ ಬಂದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಬಲ ಕೊಟ್ಟಿತು. 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ–ತಾಯಿ ಅಥವಾ ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ನಿಮಗೆ ಮುಖ್ಯವಾಗಿದ್ದು 22ನೇ ಕಲಂ. ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರು ಮಾಡಬೇಕಾದ್ದು ಈ ಸಮಿತಿ. ಸರ್ಕಾರ ಅನುದಾನದ ಲೆಕ್ಕ ಹಾಕುವಾಗ ಆ ಯೋಜನೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಅಂತ ಅಲ್ಲೇ ಬರೆದಿದೆ. ಅಂದರೆ ನೀವು ಸಹಿ ಹಾಕುವವರಲ್ಲ, ಬರೆಯುವವರು. ಹೆಚ್ಚಿನ ಕಡೆ ಏನಾಗುತ್ತೆ ಅಂದರೆ, ಹೋದ ಸಲದ ಯೋಜನೆಯನ್ನೇ ವರ್ಷ ಬದಲಿಸಿ ಕಳಿಸಿಬಿಡುತ್ತಾರೆ. ಪಾಪ, ಹೆಡ್‌ಮಾಸ್ತರಿಗೂ ನೂರೆಂಟು ಕೆಲಸ. ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಎಂಟ್ರಿ ಮುಗಿಯುವಷ್ಟರಲ್ಲಿ ಸಂಜೆ ಆಗಿರುತ್ತೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಯೋಜನೆ ತಯಾರಾಗುವುದು ಆರ್ಥಿಕ ವರ್ಷ ಮುಗಿಯುವ ಮುಂಚಿನ ಚಳಿಗಾಲದ ತಿಂಗಳುಗಳಲ್ಲಿ. ಅಷ್ಟೊತ್ತಿಗೆ ನಮ್ಮೂರಲ್ಲಿ ಅರ್ಧ ಮನೆಗೆ ಬೀಗ. ಸಜ್ಜೆ ರಾಶಿ ಮುಗಿದ ಮೇಲೆ ಬೆಂಗಳೂರು, ಮಂಗಳೂರು ಕಡೆ ಗುಳೆ ಹೋಗಿಬಿಡುತ್ತಾರೆ. ಯಾರ ಮಕ್ಕಳಿಗೆ ಶಾಲೆ ತಪ್ಪುತ್ತೋ ಅವರೇ ಸಭೆಯಲ್ಲಿ ಇರಲ್ಲ. ಇದ್ದವರು ಕಾಂಪೌಂಡಿಗೆ ಬಣ್ಣ, ಗೇಟಿಗೆ ಕಮಾನು ಅಂತ ಕೇಳುತ್ತಾರೆ.

ಎರಡನೇ ವರ್ಷ ನಾವು ಸಭೆಯನ್ನ ದೀಪಾವಳಿಗೆ ಮೊದಲೇ ಕರೆದೆವು. ರಾತ್ರಿ ಎಂಟಕ್ಕೆ, ಊಟ ಆದ ಮೇಲೆ, ಶಾಲೆ ಜಗುಲಿಯಲ್ಲಿ. ನನ್ನ ಮಗಳು ಆಗ ಏಳನೇ ಕ್ಲಾಸು. ಹೋದ ವರ್ಷದ ಹಾಜರಿ ಪುಸ್ತಕ ನೋಡಿಕೊಂಡು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಿಂಗಳಿಗೊಂದು ಗೆರೆ ಎಳೆದಳು. ಜೂನ್ ಗಿಡ್ಡ, ಆಗಸ್ಟ್ ಉದ್ದ. ಡಿಸೆಂಬರ್‌ನಿಂದ ಗೆರೆ ಇಳಿಯುತ್ತಾ ಇಳಿಯುತ್ತಾ ಮಾರ್ಚಿಗೆ ಗೇಣು ಉಳಿಯಿತು. ಯಾರೂ ಮಾತಾಡಲಿಲ್ಲ. ಹಿಂದೆ ಕೂತಿದ್ದ ಒಬ್ಬ ಅಜ್ಜಿ, "ಆ ಸಣ್ಣ ಗೆರ್ಯಾಗ ನನ್ ಮೊಮ್ಮಕ್ಕಳು ಇಬ್ರೂ ಇಲ್ಲ ನೋಡ್ರಿ" ಅಂದಳು. ಆ ವರ್ಷ ನಮ್ಮ ಯೋಜನೆಯಲ್ಲಿ ಮೊದಲ ಬೇಡಿಕೆ ಕಟ್ಟಡ ಆಗಿರಲಿಲ್ಲ. ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದೋಕೆ ಋತುಮಾನದ ವಸತಿ ವ್ಯವಸ್ಥೆ ಬೇಕು ಅಂತ ಬರೆದೆವು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆ ಅವಕಾಶ ಇದೆ. ನಮಗೆ ಮಂಜೂರಾಗಲಿಲ್ಲ, ಅದು ಬೇರೆ ಮಾತು. ಆದರೆ ಅಜ್ಜಿ–ತಾತ ಇರುವ ಮನೆಗಳಲ್ಲಿ ಕೆಲವರು ಮಕ್ಕಳನ್ನ ಬಿಟ್ಟು ಹೋಗೋಕೆ ಒಪ್ಪಿದರು.

ಈಗ ಚೀಲಗಳ ವಿಷಯ. ಪ್ರತಿ ವರ್ಷ ಶಾಲೆಗೆ ಬರುವ ಸಂಯುಕ್ತ ಅನುದಾನ ಇದೆಯಲ್ಲ, ಅದು ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. 30ರವರೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿಗೆ 25,000, 101ರಿಂದ 250ಕ್ಕೆ 50,000, ಅದಕ್ಕಿಂತ ಮೇಲೆ 1,000ದವರೆಗೆ 75,000. ಅದರಲ್ಲಿ ಹತ್ತನೇ ಒಂದು ಭಾಗವಾದರೂ ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ಬಲ್ಬು, ಸಣ್ಣಪುಟ್ಟ ರಿಪೇರಿ ಎಲ್ಲಾ ಇದರಲ್ಲೇ. ಮೊದಲು ಜೆಸ್ಕಾಂ ಬಿಲ್ಲೂ ಇದರಲ್ಲೇ ತಿಂದುಹೋಗುತ್ತಿತ್ತು. ಸರ್ಕಾರಿ ಶಾಲೆಗಳಿಗೆ ಕರೆಂಟು ಉಚಿತ ಅಂತ 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಘೋಷಣೆ ಮಾಡಿದರು.

ನಮ್ಮ ಶಾಲೆಯಲ್ಲಿ ಆಗ 97 ಮಕ್ಕಳು. ಲೆಕ್ಕ ನೋಡಿ, ನಾಲ್ಕೇ ಮಕ್ಕಳಿಗೆ 25,000 ರೂಪಾಯಿ ಕೈತಪ್ಪುತ್ತಿತ್ತು. "ನಾಲ್ಕು ಹೆಸರು ಸೇರಿಸಿಬಿಡ್ರಿ" ಅಂದವರೂ ಇದ್ದರು. ಬೇಡ, ಆ ದಾರಿಗೆ ಹೋಗಬೇಡಿ. ಮುಂಗಾರಿಗೆ ಊರಿಗೆ ವಾಪಸ್ ಬಂದವರ ಮನೆ ಮನೆ ತಿರುಗಿದೆವು. ಗುಳೆಯಿಂದ ಬಂದರೂ ಶಾಲೆ ಕಡೆ ತಿರುಗಿ ನೋಡದ ಆರು ಮಕ್ಕಳು ನಿಜವಾಗಲೂ ಸಿಕ್ಕರು. ಒಬ್ಬ ಹೋಟೆಲಲ್ಲಿ ಲೋಟ ತೊಳೆಯುತ್ತಿದ್ದ. ಅವರನ್ನ ಕರೆತಂದು ಸೇರಿಸಿದೆವು. ಸರ್ಕಾರದ ಶಾಲಾ ದಾಖಲೆ ಯುಡೈಸ್‌ನಲ್ಲಿ ಸಂಖ್ಯೆ 103 ಆಯಿತು. ಅನುದಾನ ಆಮೇಲೆ ತಾನಾಗೇ ಬದಲಾಯಿತು.

ಕೊಠಡಿ, ದೊಡ್ಡ ರಿಪೇರಿ ಈ ದುಡ್ಡಲ್ಲಿ ಆಗಲ್ಲ. ಅದಕ್ಕೆ ನಮ್ಮ ಕಡೆ ದೊಡ್ಡ ಚೀಲ ಅಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದ ಮೇಲೆ ಆಗಿದ್ದು. 2002ರಲ್ಲಿ ನಂಜುಂಡಪ್ಪ ವರದಿ ಹಿಂದುಳಿದದ್ದು ಅಂತ ಗುರುತಿಸಿದ 114 ತಾಲೂಕುಗಳಲ್ಲಿ ಅತಿ ಹಿಂದುಳಿದವು 39. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ! ಈ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5,000 ಕೋಟಿ ಅಂತ ಘೋಷಣೆ ಆಯಿತು. ಶಿಕ್ಷಣಕ್ಕೇ ಅಂತ ಒಂದು ಪಾಲು ತೆಗೆದಿಡುವ 'ಅಕ್ಷರ ಆವಿಷ್ಕಾರ' ಕೂಡ ಇದೆ. ಆದರೆ ಪಟ್ಟಿ ತಯಾರಾಗುವಾಗ ಶಾಸಕರ ಮಾತು ನಡೆಯುತ್ತೆ. ಹಾಗಾಗಿ ನಿಮ್ಮ ಠರಾವಿನ ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಇನ್ನೊಂದು ಶಾಸಕರ ಕಚೇರಿಗೆ ಹೋಗಬೇಕು. ಎರಡರ ಮೇಲೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾವು ಸೋರುವ ಕೊಠಡಿಗೆ ಬರೀ "ಶಿಥಿಲವಾಗಿದೆ" ಅಂತ ಬರೆಯಲಿಲ್ಲ. ಮಳೆ ಬಂದ ದಿನ ಮಕ್ಕಳು ಬಕೆಟ್ ಇಟ್ಟುಕೊಂಡು ಕೂತಿದ್ದ ಫೋಟೊ, ಬಿರುಕಿನ ಪಕ್ಕ ಅಳತೆ ಪಟ್ಟಿ ಹಿಡಿದ ಫೋಟೊ, ಕೆಳಗೆ ತಾರೀಖು. ಎಂಜಿನಿಯರ್ ಬಂದವರು ಮೊದಲು ಕೇಳಿದ್ದೇ ಆ ಅಳತೆ.

ಇನ್ನು ನಿಮ್ಮ ಸಂಡೂರು. ಗಣಿ ಇರುವ ನಿಮ್ಮ ಕಡೆ ಇನ್ನೂ ಎರಡು ಚೀಲ ಇವೆ. ಮೊದಲನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ, ಡಿಎಂಎಫ್ ಅಂತಾರಲ್ಲ ಅದು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಬಂದದ್ದು. ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಶೇಕಡ 10ರಷ್ಟನ್ನು, ಹಳೇ ಗುತ್ತಿಗೆಯಾದರೆ 30ರಷ್ಟನ್ನು ಇದಕ್ಕೆ ಕಟ್ಟಬೇಕು. ಅರ್ಧಕ್ಕಿಂತ ಜಾಸ್ತಿ ದುಡ್ಡು ಆದ್ಯತೆಯ ಕೆಲಸಗಳಿಗೇ ಹೋಗಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ, ಕುಡಿಯುವ ನೀರೂ ಇದೆ. ಎರಡನೆಯದು ಕೆಎಂಇಆರ್‌ಸಿ, ಸುಪ್ರೀಂ ಕೋರ್ಟಿನ ಕಣ್ಗಾವಲಲ್ಲಿ ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ ಇರುವ ನಿಗಮ. ಕೆಂಪು ಧೂಳು ನುಂಗೋರು ನಿಮ್ಮ ಮಕ್ಕಳು. ಆ ದುಡ್ಡು ಜಿಲ್ಲಾ ಕೇಂದ್ರದ ಯಾವುದೋ ಕಟ್ಟಡಕ್ಕೆ ಹೋಗೋದಕ್ಕೆ ಮೊದಲು ನಿಮ್ಮ ಹಳ್ಳಿ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ಕೇಳೋದು ತಪ್ಪಲ್ಲ ಅಲ್ವಾ? ನಿಮ್ಮ ಊರು ಗಣಿಯಿಂದ ನೇರ ಬಾಧಿತವೋ ಪರೋಕ್ಷವೋ ಅಂತ ಮೊದಲು ತಿಳಿದುಕೊಳ್ಳಿ, ಅರ್ಜಿಯ ಮೊದಲ ಸಾಲಲ್ಲೇ ಅದನ್ನ ಬರೆಯಿರಿ.

ಜನರಿಂದ ವಂತಿಗೆ ಎತ್ತಬಹುದಾ ಅಂತಲೂ ಕೇಳಿದ್ದೀರಿ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತೆಗೆದುಕೊಳ್ಳಬಹುದು ಅಂತ ಎಸ್‌ಡಿಎಂಸಿಗಳಿಗೆ ಸುತ್ತೋಲೆ ಬಂದಿತ್ತು. ಗಲಾಟೆಯಾಗಿ ಕೆಲವೇ ದಿನಕ್ಕೆ ವಾಪಸ್ ಹೋಯಿತು. ಹೋಗಿದ್ದು ಒಳ್ಳೇದೇ ಆಯಿತು. ಕೂಲಿ ಮಾಡುವ ಮನೆಗೆ ಅದು 'ಸ್ವಇಚ್ಛೆ' ಆಗಿ ಉಳಿಯಲ್ಲ. ಕೊಡದವರ ಮಗು ಕ್ಲಾಸಲ್ಲಿ ತಲೆ ತಗ್ಗಿಸುತ್ತೆ.

ಹಾಗಂತ ನಮ್ಮ ಜನಕ್ಕೆ ಕೊಡೋದು ಗೊತ್ತಿಲ್ಲ ಅಂತಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಜೋಳದ ರೊಟ್ಟಿ ಗಂಟು ಕಟ್ಟಿಕೊಂಡು ಟ್ರ್ಯಾಕ್ಟರ್ ಮೇಲೆ ಹೋಗುತ್ತೆ, ಯಾರೂ ರಸೀದಿ ಕೇಳಲ್ಲ. ಕೊಪ್ಪಳ ತಾಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌಧರಿ ಅವರು ಎರಡು ಎಕರೆ ಜಮೀನನ್ನ ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಕೊಡುವ ಮನಸ್ಸು ಇದ್ದವರು ಕೊಡಲಿ, ರೂಪಾಯಿ ಲೆಕ್ಕವನ್ನ ನೋಟಿಸ್ ಬೋರ್ಡಿಗೆ ಅಂಟಿಸಿ. ಜಾಗ ಕೊಟ್ಟರೆ ಶಾಲೆ ಹೆಸರಿಗೆ ಖಾತೆ ಮಾಡಿಸಿಬಿಡಿ. ಬಾಯಿಮಾತಿನ ದಾನ ಮೊಮ್ಮಕ್ಕಳ ಕಾಲಕ್ಕೆ ಜಗಳ ಆಗುತ್ತೆ. ನಮ್ಮ ಆಟದ ಮೈದಾನದ ಒಂದು ಮೂಲೆ ಹೀಗೇ ಹೋಯಿತು. ಉಳಿದಿದ್ದಕ್ಕೆ ಉದ್ಯೋಗ ಖಾತ್ರಿಯಲ್ಲಿ ಕಾಂಪೌಂಡ್ ಹಾಕಿಸಿದೆವು, ಕಟ್ಟಿದವರು ಅದೇ ಮಕ್ಕಳ ಅಪ್ಪ–ಅಮ್ಮ.

ಒಂದು ವಿಷಯದಲ್ಲಿ ನಾವು ಸೋತೆವು, ಮುಚ್ಚಿಡೋದು ಬೇಡ. ಶಿಕ್ಷಕರು. ಗಣಿತಕ್ಕೆ ಕಾಯಂ ಮೇಷ್ಟ್ರು ಬೇಕು ಅಂತ ಮೂರು ವರ್ಷ ಬರೆದೆವು, ಬಂದದ್ದು ಅತಿಥಿ ಶಿಕ್ಷಕರು. ಹುದ್ದೆ ತುಂಬೋದು ನಮ್ಮ ಠರಾವಿನ ಕೈಯಲ್ಲಿಲ್ಲ. ಆದರೂ ಪ್ರತಿ ಸಭೆಯಲ್ಲಿ ಬರೆಸುತ್ತಾ ಬಂದೆವು.

ನೀವು ನಾಳೆ ಶಾಲೆಗೆ ಹೋದರೆ ಹೆಡ್‌ಮಾಸ್ತರ ಹತ್ತಿರ ಎರಡು ಝೆರಾಕ್ಸ್ ಕೇಳಿ. ಈಗ ಜಾರಿಯಲ್ಲಿರುವ ಶಾಲಾ ಅಭಿವೃದ್ಧಿ ಯೋಜನೆ, ಮತ್ತು ಹೋದ ವರ್ಷದ ಅನುದಾನದ ಖರ್ಚಿನ ಪಟ್ಟಿ. ಜಗಳದ ದನಿ ಬೇಡ, "ಓದಿ ತಿಳ್ಕೊಳ್ತೀನಿ ಸರ್" ಅಂದರೆ ಸಾಕು. ಠರಾವು ಪುಸ್ತಕದಲ್ಲಿ ಖಾಲಿ ಜಾಗ ಕಂಡರೆ ಅಡ್ಡಗೆರೆ ಎಳೆದು ಆಮೇಲೆ ಸಹಿ ಹಾಕಿ. ನಾನು ಈಗಲೂ ಬ್ಯಾಂಕಲ್ಲಿ, ಸೊಸೈಟಿಯಲ್ಲಿ ಹಾಗೇ ಮಾಡುತ್ತೇನೆ, ಕ್ಲರ್ಕುಗಳು ನಗುತ್ತಾರೆ. ಎರಡೂ ಝೆರಾಕ್ಸ್ ಸಿಕ್ಕ ಮೇಲೆ ಮಕ್ಕಳ ಸಂಖ್ಯೆ ಎಷ್ಟು, ಮೊದಲ ಬೇಡಿಕೆ ಏನು ಅಂತ ಇಲ್ಲೇ ಬರೆಯಿರಿ. ಯಾವ ಕಚೇರಿಗೆ ಹೋಗಬೇಕು ಅಂತ ಕೂತು ನೋಡೋಣ.