ಬ್ಲೂ ಬ್ಯಾಡ್ಜ್ ಇದ್ದರೂ ಪೇಟೆಯೊಳಗೆ ಕಾರು ಬಿಡುವುದಿಲ್ಲ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಾನು ಧಾರವಾಡದವಳು. ಇಂಗ್ಲೆಂಡಿಗೆ ಬಂದು ಬಹಳ ವರ್ಷ ಆಯ್ತು. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಕೋಲು ಹಿಡಿದು ಸ್ವಲ್ಪ ದೂರ ನಡೀತೀನಿ, ಕಾರು ನಾನೇ ಓಡಿಸ್ತೀನಿ. ನಮ್ಮೂರಿನ ಪೇಟೆ ಬೀದಿಗಳಿಗೆ ಹಗಲು ಹೊತ್ತು ಬ್ಲೂ ಬ್ಯಾಡ್ಜ್ (ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಪರವಾನಗಿ) ಇರುವ ಕಾರುಗಳನ್ನೂ ಬಿಡಬಾರದು ಅಂತ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಯೋಚಿಸ್ತಿದೆ, ಜನರ ಅಭಿಪ್ರಾಯ ಕೇಳಿದೆ. ಬ್ಯಾಡ್ಜ್ ಇದ್ದ ಮೇಲೆ ತಡೆಯೋಕೆ ಬರುತ್ತಾ? ನಾನು ಬರೆದರೆ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಡೆಯಲು ಬರುತ್ತದೆ. ಬ್ಲೂ ಬ್ಯಾಡ್ಜ್ ಇರುವುದು ಪಾರ್ಕಿಂಗ್‌ಗೆ. ಲೋಡಿಂಗ್ ನಿಷೇಧ ಇಲ್ಲದ ಕಡೆ ಬೇರೆಯವರು ಕಾರು ನಿಲ್ಲಿಸಬಾರದ ಹಳದಿ ಗೆರೆಯ ಮೇಲೂ, ಬಂದ ಹೊತ್ತು ತೋರಿಸುವ ಗಡಿಯಾರದ ಕಾರ್ಡನ್ನು ಕಾರಿನಲ್ಲಿಟ್ಟು 3 ಗಂಟೆ ನಿಲ್ಲಿಸಬಹುದು. ವಾಹನ ನಿಷೇಧಿಸಿದ ಬೀದಿಯೊಳಗೆ ಹೋಗುವ ಹಕ್ಕು ಅದರಿಂದ ತಾನಾಗಿ ಬರುವುದಿಲ್ಲ. ಆ ಬೀದಿಯ ಸಂಚಾರ ಆದೇಶದಲ್ಲಿ ಬ್ಯಾಡ್ಜ್‌ನವರಿಗೆ ವಿನಾಯಿತಿ ಅಂತ ಬರೆದಿದ್ದರೆ ಮಾತ್ರ ಬಿಡುತ್ತಾರೆ. ಕೊಟ್ಟ ವಿನಾಯಿತಿಯನ್ನು ಕೌನ್ಸಿಲ್ ವಾಪಸ್ ತೆಗೆದುಕೊಳ್ಳಲೂಬಹುದು.

ಆದರೆ ತೆಗೆದದ್ದು ಮತ್ತೆ ಬಂದಿರುವ ಊರೂ ಇದೆ. ಯಾರ್ಕ್ ನಗರದಲ್ಲಿ 2020ರಲ್ಲಿ ಕೋವಿಡ್ ಹೆಸರಿನಲ್ಲಿ, ಜನ ದೂರ ದೂರ ನಡೆಯಲಿ, ಹೋಟೆಲ್‌ಗಳು ಹೊರಗೆ ಕುರ್ಚಿ ಹಾಕಲಿ ಅಂತ ಬ್ಯಾಡ್ಜ್ ಕಾರುಗಳು ಪೇಟೆಯೊಳಗೆ ಬರುವುದನ್ನು ನಿಲ್ಲಿಸಿದರು. 2021ರ ನವೆಂಬರಿನಲ್ಲಿ ಅದನ್ನೇ ಕಾಯಂ ಮಾಡಿದರು. ಕಾರು ನುಗ್ಗಿಸಿ ದಾಳಿ ಮಾಡುವ ಉಗ್ರರ ಭಯವನ್ನೂ ಕಾರಣವಾಗಿ ಹೇಳಿದರು. ಅಲ್ಲಿನ ವಿಕಲಚೇತನರು ಸುಮ್ಮನೆ ಕೂರಲಿಲ್ಲ. ಸಭೆಗಳಿಗೆ ಹೋದರು, ಬರೆದರು, ಬೀದಿಗಿಳಿದರು. 2023ರ ಮೇ ಚುನಾವಣೆಯಲ್ಲಿ ಅಧಿಕಾರ ಬದಲಾಯಿತು, ಮತ್ತೆ ಜನರ ಅಭಿಪ್ರಾಯ ಕೇಳಿದರು. 2024ರ ಜನವರಿಯಲ್ಲಿ ಗುಡ್‌ರಾಮ್‌ಗೇಟ್ ಮತ್ತು ಬ್ಲೇಕ್ ಸ್ಟ್ರೀಟ್ ಕಡೆಯಿಂದ ಬ್ಯಾಡ್ಜ್ ಕಾರುಗಳನ್ನು ಒಳಗೆ ಬಿಡಲು ಶುರು ಮಾಡಿದರು. ಭದ್ರತೆಯ ತಡೆಗಳನ್ನು ಇಟ್ಟುಕೊಂಡೇ ದಾರಿ ಕೊಟ್ಟರು. ನಿಮ್ಮ ಉತ್ತರದಲ್ಲಿ ಇದನ್ನು ಖಂಡಿತ ಬರೆಯಿರಿ. ‘ಭದ್ರತೆಯಾ, ಪ್ರವೇಶವಾ, ಯಾವುದಾದರೂ ಒಂದೇ’ ಅನ್ನುವ ವಾದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಇನ್ನು ಬರೆಯುವ ರೀತಿ. ‘ನಮಗೆ ತುಂಬಾ ಕಷ್ಟ ಆಗುತ್ತೆ, ದಯವಿಟ್ಟು ಬಿಡಿ’ ಅಂತ ಬರೆದ ಪತ್ರ ‘ವಿರೋಧ’ ಅನ್ನುವ ಕಾಲಮ್ಮಿನಲ್ಲಿ ಒಂದು ಅಂಕಿಯಾಗಿ ಮುಗಿದುಹೋಗುತ್ತದೆ. ಮೀಟರ್ ಲೆಕ್ಕ ಕೊಡಿ. ನೀವು ಹೋಗುವ ಔಷಧಿ ಅಂಗಡಿ, ಬ್ಯಾಂಕು, ಕ್ಷೌರದಂಗಡಿ ಯಾವುದೇ ಇರಲಿ, ಅದರ ಬಾಗಿಲಿನಿಂದ ಅವರು ತೋರಿಸುತ್ತಿರುವ ಹೊಸ ಪಾರ್ಕಿಂಗ್ ಜಾಗಕ್ಕೆ ಎಷ್ಟು ದೂರ ಅಂತ ಫೋನಿನ ಮ್ಯಾಪಿನಲ್ಲಿ ಅಳೆಯಿರಿ. ನೀವು ಕೂರದೆ ಎಷ್ಟು ನಡೆಯಬಲ್ಲಿರಿ ಅಂತ ಪಕ್ಕದಲ್ಲೇ ಬರೆಯಿರಿ. ನಡುವೆ ಬೆಂಚು ಇದೆಯಾ, ಕಲ್ಲುಹಾಸು ಇದೆಯಾ, ಏರು ಇದೆಯಾ, ವಾಪಸ್ ಬರುವಾಗ ಒಂದು ಕೈಯಲ್ಲಿ ಕೋಲು ಇನ್ನೊಂದರಲ್ಲಿ ಚೀಲ ಇರುತ್ತದಾ, ಎಲ್ಲ ಬರೆಯಿರಿ. ಒಳ್ಳೆ ದಿನದ ಲೆಕ್ಕ ಮಾತ್ರ ಕೊಡಬೇಡಿ. ನಿಮ್ಮ ಕಾಯಿಲೆಯಲ್ಲಿ ಇವತ್ತಿನ ಶಕ್ತಿ ನಾಳೆ ಇರುವುದಿಲ್ಲ, ಸೆಕೆ ಜಾಸ್ತಿಯಾದರೆ ಇನ್ನೂ ಸೋತುಹೋಗುತ್ತೀರಿ ಅಲ್ವಾ? ಅದು ಗೊತ್ತಿಲ್ಲದ ಅಧಿಕಾರಿಗಳೇ ಜಾಸ್ತಿ.

ಅಲ್ಲಿನ ಸರ್ಕಾರದ್ದೇ ‘ಇನ್‌ಕ್ಲೂಸಿವ್ ಮೊಬಿಲಿಟಿ’ ಅನ್ನುವ ಮಾರ್ಗಸೂಚಿ ಇದೆ. ಕೋಲು ಹಿಡಿದು ನಡೆಯುವವರು ವಿಶ್ರಾಂತಿ ಇಲ್ಲದೆ ಹೋಗಬಹುದಾದ ದೂರ 50 ಮೀಟರ್, ವೀಲ್‌ಚೇರ್‌ನವರಿಗೆ 150 ಮೀಟರ್ ಅಂತ ಅದು ಹೇಳುತ್ತದೆ. ನಿಮ್ಮ ಅಳತೆಯನ್ನು ಈ ಅಂಕಿಯ ಪಕ್ಕ ಇಡಿ. 2010ರ ಸಮಾನತಾ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ವಿಕಲಚೇತನರ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ಕೌನ್ಸಿಲ್ ನಿಜವಾಗಿ ಯೋಚಿಸಲೇಬೇಕು. ಆ ಪರಿಶೀಲನೆಯ ವರದಿ ಕೊಡಿ ಅಂತ ಕೇಳಿ. ತೀರ್ಮಾನ ಮಾಡಿ ಆದಮೇಲೆ ಅಭಿಪ್ರಾಯ ಕೇಳುವ ಹಾಗೂ ಇಲ್ಲ. ಯೋಜನೆ ಇನ್ನೂ ರೂಪುಗೊಳ್ಳುವಾಗಲೇ ಕೇಳಬೇಕು, ಬಂದದ್ದನ್ನು ಮನಸ್ಸಿಟ್ಟು ಓದಬೇಕು ಅಂತ 1985ರಿಂದಲೂ ಅಲ್ಲಿನ ಕೋರ್ಟುಗಳು ಹೇಳುತ್ತಾ ಬಂದಿವೆ.

‘ಶಾಪ್‌ಮೊಬಿಲಿಟಿಯಲ್ಲಿ (ಪೇಟೆ ಸುತ್ತಲು ವೀಲ್‌ಚೇರ್, ಅಂಗವಿಕಲರ ಸ್ಕೂಟರ್ ಎರವಲು ಕೊಡುವ ಕೇಂದ್ರದಲ್ಲಿ) ಸ್ಕೂಟರ್ ತಗೊಳ್ಳಿ’ ಅಂತ ಕೌನ್ಸಿಲ್‌ನವರು ಹೇಳಬಹುದು. ಅದು ಕೆಲವರಿಗೆ ಅನುಕೂಲ, ಬೇಡ ಅನ್ನಬೇಡಿ. ಆದರೆ ಅಲ್ಲಿ ತನಕ ಹೋಗುವುದು ಹೇಗೆ, ಅದು ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಕೇಳಿ. ಕಣ್ಣು ಕಾಣದವರು ಕಾರು ಬೇಡ ಅನ್ನಲೂಬಹುದು. ಅವರ ಭಯ ನ್ಯಾಯವಾದದ್ದು. ಹಾಗಾಗಿ ‘ಎಲ್ಲ ಬೀದಿ ತೆರೆಯಿರಿ’ ಅನ್ನುವ ಬದಲು ಯಾವ ಎರಡು ಬೀದಿ ಸಾಕು, ಎಷ್ಟು ನಿಧಾನ ಹೋಗಬೇಕು ಅಂತ ನೀವೇ ಸೂಚಿಸಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಈ ಅಭಿಪ್ರಾಯ ಸಂಗ್ರಹ ಮುಗಿದ ಮೇಲೆ ಸಂಚಾರ ಆದೇಶದ ಕರಡು ಪ್ರಕಟಣೆ ಬರುತ್ತದೆ. ಅದಕ್ಕೆ ಕಾರಣ ಸಮೇತ ಬರವಣಿಗೆಯಲ್ಲಿ ಆಕ್ಷೇಪಣೆ ಹಾಕಲು ಕನಿಷ್ಠ 21 ದಿನ ಕೊಡುತ್ತಾರೆ. ಈಗ ಬರೆದಿದ್ದೀನಲ್ಲ ಅಂತ ಬಿಡಬೇಡಿ. ಆಗಲೂ ಕಳಿಸಿ.

ಪ್ರಶ್ನೆ: ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ಬಿಡುತ್ತಿರಲಿಲ್ಲ. ಮತ್ತೆ ಹಾಗೆ ಮಾಡಿದರೆ ಯುಡಿಐಡಿ ಕಾರ್ಡ್ ತೋರಿಸಿ ನನ್ನ ಸೈಡ್ ವೀಲ್ ಸ್ಕೂಟರ್ ಒಳಗೆ ತಗೊಂಡು ಹೋಗಬಹುದಾ?

ಉತ್ತರ: ಯುಡಿಐಡಿ ಅಂಗವೈಕಲ್ಯದ ಗುರುತಿನ ಚೀಟಿ, ರಸ್ತೆಯ ಪಾಸ್ ಅಲ್ಲ. ಆದರೆ ನಿಮ್ಮ ಕೈ ಖಾಲಿ ಇಲ್ಲ. ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ನಿಮ್ಮಂಥ ಮಾರ್ಪಡಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಪ್ರತ್ಯೇಕ ಹೆಸರೇ ಇದೆ. ಬೀದಿ ಮುಚ್ಚುವ ಸುದ್ದಿ ಬಂದ ಕೂಡಲೇ ಪಾಲಿಕೆಗೂ ಟ್ರಾಫಿಕ್ ಪೊಲೀಸರಿಗೂ ವಿನಾಯಿತಿ ಕೇಳಿ ಅರ್ಜಿ ಕೊಡಿ. ಆರ್‌ಸಿ ಮತ್ತು ಯುಡಿಐಡಿ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಮುದ್ರೆ ಇರುವ ಪ್ರತಿಯನ್ನೇ ಹಿಡಿದು ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.