ಒಂಟಿ ಕಂಬದ ಚಪ್ಪರ

ಮಂಡ್ಯದಿಂದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಫಿಲಡೆಲ್ಫಿಯಾ ತಂಡವು ತನ್ನ ಸೆಂಟರ್ (ರಿಂಗಿನ ಸಮೀಪ ನಿಂತು ಆಡುವ ಎತ್ತರದ) ಆಟಗಾರ ಜೋಯೆಲ್ ಎಂಬೀಡ್ ಅವರನ್ನು, ಅವರಿಗೆ ಎಷ್ಟು ಸಲ ಗಾಯವಾದರೂ, ನೆಚ್ಚಿಕೊಂಡೇ ಇರಬೇಕು ಎಂಬುದು ಅವರ ವಾದ. "ಸಿಂಹ ಕುಂಟಿದರೂ ಸಿಂಹವೇ" ಎಂದು ಬರೆದಿದ್ದಾರೆ. 2024ರ ಏಪ್ರಿಲ್ 26ರಂದು, ಮಂಡ್ಯದಲ್ಲಿ ಲೋಕಸಭಾ ಚುನಾವಣೆಯ ಮತದಾನವಿದ್ದ ದಿನ, ಬೆಳಗಿನ ಜಾವ ಐದಕ್ಕೆ ಎದ್ದು ಮೊಮ್ಮಗನ ಮೊಬೈಲಿನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಸರಣಿಯ) ಪಂದ್ಯವನ್ನು ನೋಡಿದರಂತೆ. ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳೂ ತುಂಬಿರದ, ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿದ್ದ ಎಂಬೀಡ್ ಅಂದು 50 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದರು. ಮತಗಟ್ಟೆಯ ಸಾಲಿನಲ್ಲಿ ನಿಂತಾಗಲೂ ತಮ್ಮ ಕಣ್ಣ ಮುಂದೆ ಆ ಪಂದ್ಯವೇ ಇತ್ತು ಎನ್ನುತ್ತಾರೆ. ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಗತಿ ಇದೆ: ಹದಿನಾರು ವರ್ಷದ, ಆರಡಿ ಮೂರಿಂಚು ಎತ್ತರದ ಆ ಮೊಮ್ಮಗ ಈಗ ಜಿಲ್ಲಾ ತಂಡದ ಸೆಂಟರ್; ಮಂಡಿಯ ಕೆಳಗೆ ನೋವಿದೆ; ದಸರಾ ಕ್ರೀಡಾಕೂಟಕ್ಕೆ ಅವನಿಲ್ಲದೆ ಆಗುವುದಿಲ್ಲ ಎಂದು ಕೋಚ್ ಹೇಳುತ್ತಿದ್ದಾರೆ.

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಟದ ಬಗ್ಗೆ ನಮಗೆ ಬರುವ ಪತ್ರಗಳೆಲ್ಲ ಬಹುಪಾಲು ಕ್ರಿಕೆಟ್ಟಿನವೇ ಆಗಿರುವಾಗ, ರಿಂಗಿಗೆ ಬೆನ್ನು ಕೊಟ್ಟು ನಿಂತು ಚೆಂಡು ಪಡೆಯುವ ಕಲೆಯ ಬಗ್ಗೆ ಹಿರಿಯರೊಬ್ಬರು ಇಷ್ಟು ಪ್ರೀತಿಯಿಂದ ಬರೆದದ್ದನ್ನು ಓದಿ ಮನಸ್ಸು ತುಂಬಿತು. ಆದರೆ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ, ಮತ್ತು ಏಕೆ ಒಪ್ಪಲಾರೆ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. 2022-23ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 33 ಅಂಕ ಗಳಿಸಿ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡವರು ಎಂಬೀಡ್. ಅಂಥವರು ಮೈದಾನಕ್ಕೆ ಇಳಿದರೆ ಎದುರಾಳಿಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಕ್ಲೀವ್‌ಲ್ಯಾಂಡ್ ತಂಡದ ಸೆಂಟರ್ ಇಲ್ಗೌಸ್ಕಸ್ ಅವರ ಉದಾಹರಣೆಯನ್ನೂ ನೀವು ಕೊಡಬಹುದಿತ್ತು. ಪಾದದ ಮೂಳೆ ಮೇಲಿಂದ ಮೇಲೆ ಮುರಿದು, ಇನ್ನು ಇವರ ಆಟ ಮುಗಿಯಿತು ಎಂದು ಎಲ್ಲರೂ ಕೈಬಿಟ್ಟಿದ್ದಾಗ ಆ ತಂಡ ಕಾದಿತು. ಅವರು ಮರಳಿ ಬಂದು ಎಷ್ಟೋ ವರ್ಷ ಆಡಿದರು. 2014ರಲ್ಲಿ ಅವರ 11ನೇ ಸಂಖ್ಯೆಯ ಅಂಗಿಯನ್ನು ತಂಡ ಗೌರವದಿಂದ ಮೇಲೆ ತೂಗುಹಾಕಿತು. ಆದರೆ ಕಾಯುವುದಕ್ಕೂ ನೆಚ್ಚಿಕೊಳ್ಳುವುದಕ್ಕೂ ಅಂತರವಿದೆ. ಕಾಯುವವರು ಆಟಗಾರನ ಭಾರ ಇಳಿಸುತ್ತಾರೆ. ನೆಚ್ಚಿಕೊಂಡವರು ತಮ್ಮ ಭಾರವನ್ನೂ ಅವನ ಮೇಲೆಯೇ ಹೇರುತ್ತಾರೆ.

ಬಿಲ್ ವಾಲ್ಟನ್ ಅವರ ಕತೆ ನಿಮಗೆ ಗೊತ್ತಿರಲೇಬೇಕು. 1977ರಲ್ಲಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ ಸೆಂಟರ್. ಮರುವರ್ಷ ತಂಡ 60 ಪಂದ್ಯಗಳಲ್ಲಿ 50 ಗೆದ್ದು ಮುನ್ನುಗ್ಗುತ್ತಿದ್ದಾಗ ಅವರ ಪಾದಕ್ಕೆ ಪೆಟ್ಟಾಯಿತು. ಆ ಋತುವಿನಲ್ಲಿ ಆಡಿದ್ದು 58 ಪಂದ್ಯಗಳಾದರೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಪ್ಲೇಆಫ್ ಬಂದಾಗ, ಅವರಿಲ್ಲದೆ ಹೇಗೆ ಎಂದು ನೋವು ನಿವಾರಕ ಚುಚ್ಚುಮದ್ದು ಕೊಟ್ಟು ಇಳಿಸಿದರು. ಪಾದದ ನಡುವಿನ ನಾವಿಕ್ಯುಲರ್ ಮೂಳೆ ಮುರಿದಿರುವುದು ಎರಡನೆಯ ಪಂದ್ಯದ ನಂತರ ಎಕ್ಸ್‌ರೇಯಲ್ಲಿ ಕಂಡಿತು. ತಂಡವೂ ಆ ಸರಣಿ ಸೋತಿತು. ಅವರು ಮುಂದಿನ ಇಡೀ ಋತುವನ್ನು ಹೊರಗೆ ಕಳೆದು, ಮನಸ್ಸು ಮುರಿದು, ಆ ತಂಡವನ್ನೇ ಬಿಟ್ಟು ಹೋದರು. ಆಮೇಲೆ ಪೂರ್ತಿ ಋತುಗಳು ಆಟವಿಲ್ಲದೆ ಕಳೆದವು.

ನಾನು ಹೇಳಬೇಕೆಂದಿರುವುದು ಇದರ ಮುಂದಿನ ಭಾಗ. ಅದೇ ವಾಲ್ಟನ್ 1985ರಲ್ಲಿ ಬಾಸ್ಟನ್ ತಂಡಕ್ಕೆ ಬಂದರು. ಅಲ್ಲಿ ರಾಬರ್ಟ್ ಪ್ಯಾರಿಷ್ ಎಂಬ ಗಟ್ಟಿ ಸೆಂಟರ್ ಆಗಲೇ ಇದ್ದರು. ವಾಲ್ಟನ್ ಬೆಂಚಿನಿಂದ ಎದ್ದು ಬಂದು, ಪಂದ್ಯಕ್ಕೆ ಇಪ್ಪತ್ತು ನಿಮಿಷದ ಆಸುಪಾಸು ಆಡಿ, ಮತ್ತೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಆ ಒಂದೇ ಋತುವಿನಲ್ಲಿ ಅವರು 80 ಪಂದ್ಯ ಆಡಿದರು. ತಮ್ಮ ಜೀವಮಾನದಲ್ಲಿ ಬೇರಾವ ವರ್ಷವೂ ಅಷ್ಟು ಪಂದ್ಯ ಆಡಿರಲಿಲ್ಲ. ಬೆಂಚಿನಿಂದ ಬಂದು ಆಡುವವರಿಗೆ ಕೊಡುವ ಅತ್ಯುತ್ತಮ ಆರನೇ ಆಟಗಾರ ಪ್ರಶಸ್ತಿಯೂ ಬಂತು, ತಂಡಕ್ಕೆ ಚಾಂಪಿಯನ್ ಪಟ್ಟವೂ ಬಂತು. ವಯಸ್ಸು ಮೂವತ್ತಮೂರು, ಪಾದಗಳು ಅವೇ ಮುರಿದ ಪಾದಗಳು. ಬದಲಾಗಿದ್ದು ಇಷ್ಟೇ: ಅವರು ಬಾರದಿದ್ದರೂ ಆ ತಂಡ ನಡೆಯುತ್ತಿತ್ತು.

ಚೀನಾದ ಯಾವೋ ಮಿಂಗ್ ಅವರನ್ನೂ ನೆನೆಯಿರಿ. ಏಳಡಿ ಆರಿಂಚಿನ ಆ ಮನುಷ್ಯನ ಮೇಲೆ ಹ್ಯೂಸ್ಟನ್ ತಂಡದ ಭಾರವೂ ಇತ್ತು, ಒಂದು ದೇಶದ ಭಾರವೂ ಇತ್ತು. 2008ರ ಫೆಬ್ರವರಿಯಲ್ಲಿ ಎಡ ಪಾದದ ಮೂಳೆ ಬಿರುಕು ಬಿಟ್ಟಿತು, ಮಾರ್ಚಿನಲ್ಲಿ ಶಸ್ತ್ರಚಿಕಿತ್ಸೆ, ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್. ತಾಯ್ನಾಡಿನ ಒಲಿಂಪಿಕ್ಸಿಗೆ ಆಡುವುದಿಲ್ಲ ಎನ್ನಲು ಯಾರಿಂದಾದೀತು? ಮರುವರ್ಷ ಲೇಕರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ನಡುವೆ ಅದೇ ಪಾದ ಮತ್ತೆ ಬಿರುಕು ಬಿಟ್ಟಿತು. 2009-10ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದಿನ ಋತುವಿಗೆ ಪಂದ್ಯಕ್ಕೆ 24 ನಿಮಿಷಕ್ಕಿಂತ ಹೆಚ್ಚು ಆಡಿಸುವುದಿಲ್ಲ ಎಂಬ ನಿಯಮ ಮಾಡಿದರು, ಆದರೆ ಕಾಲ ಮಿಂಚಿತ್ತು, ಐದೇ ಪಂದ್ಯ. 2011ರಲ್ಲಿ, ಮೂವತ್ತು ವರ್ಷಕ್ಕೇ, ನಿವೃತ್ತಿ.

ಆ ಹ್ಯೂಸ್ಟನ್ ತಂಡ ಅವರಿಲ್ಲದಾಗ ಏನು ಮಾಡಿತು ಗೊತ್ತೇ? 2008ರಲ್ಲಿ ಯಾವೋ ಬಿದ್ದಾಗ ತಂಡ ಸತತ 12 ಪಂದ್ಯ ಗೆದ್ದಿತ್ತು. ಎಲ್ಲರೂ ಕತೆ ಮುಗಿಯಿತು ಎಂದರು. ಡಿಕೆಂಬೆ ಮುಟುಂಬೊ ಎಂಬ, ನಲವತ್ತು ದಾಟಿದ ಹಿರಿಯರನ್ನು ರಿಂಗಿನ ಕೆಳಗೆ ನಿಲ್ಲಿಸಿಕೊಂಡು ಆ ಹುಡುಗರು ಮತ್ತೆ ಹತ್ತು ಪಂದ್ಯ ಗೆದ್ದರು, ಒಟ್ಟು 22. 2009ರಲ್ಲೂ ಯಾವೋ ಹೊರನಡೆದ ಮೇಲೆ, ಆ ವರ್ಷ ಚಾಂಪಿಯನ್ ಆಗಲಿದ್ದ ಲೇಕರ್ಸ್ ತಂಡವನ್ನು ಏಳನೆಯ ಪಂದ್ಯದವರೆಗೆ ಎಳೆದರು. ಕೊನೆಗೆ ಎರಡೂ ಬಾರಿ ಸೋತರಲ್ಲ ಎಂದು ನೀವು ಕೇಳುವಿರಿ. ಸೋತರು, ನಿಜ. ಆದರೆ ಅಷ್ಟು ವರ್ಷ ಯಾರೂ ಆ ಹುಡುಗರನ್ನು ನೋಡಿರಲೇ ಇಲ್ಲ. ಎಲ್ಲರ ಕಣ್ಣೂ ಒಬ್ಬರ ಮೇಲೇ ನೆಟ್ಟಿತ್ತು.

ನೀವು ಮೆಚ್ಚಿದ ಆ 50 ಅಂಕದ ಪಂದ್ಯದ ಮುಂದಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರ ಅಲ್ಲಿಗೇ ನಿಂತಿದೆ. ಫಿಲಡೆಲ್ಫಿಯಾ ಆ ಸರಣಿಯನ್ನು 4-2ರಿಂದ ಸೋತಿತು. ಸೆಪ್ಟೆಂಬರ್‌ನಲ್ಲಿ ಎಂಬೀಡ್ ಅವರ ಒಪ್ಪಂದವನ್ನು ಇನ್ನೂ ಮೂರು ವರ್ಷಕ್ಕೆ, ಸುಮಾರು 19 ಕೋಟಿ ಡಾಲರಿಗೆ, ಮುಂದುವರಿಸಿದರು. 2024-25ರಲ್ಲಿ ಅವರು ಆಡಲಾದದ್ದು 82ರಲ್ಲಿ 19 ಪಂದ್ಯ. ತಂಡ ಗೆದ್ದದ್ದು 24, ಸೋತದ್ದು 58. ಅದಕ್ಕೂ ಹಿಂದೆ, 2018ರಿಂದ 2024ರವರೆಗೆ ಪ್ರತಿ ವರ್ಷವೂ ಪ್ಲೇಆಫ್ ತಲುಪಿದ ಆ ತಂಡ ಒಮ್ಮೆಯೂ ಎರಡನೆಯ ಸುತ್ತು ದಾಟಲಿಲ್ಲ. ಆ ವರ್ಷಗಳಲ್ಲಿ ಒಮ್ಮೆ ಕಣ್ಣಿನ ಸುತ್ತಲ ಮೂಳೆ, ಒಮ್ಮೆ ಮಂಡಿ, ಒಮ್ಮೆ ಹೆಬ್ಬೆರಳು, ಹೀಗೆ ಅವರ ದೇಹದ ಒಂದಲ್ಲ ಒಂದು ಭಾಗ ಕೊನೆಯ ಹೊತ್ತಿಗೆ ಕೈಕೊಡುತ್ತಲೇ ಇತ್ತು. ಇದು ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ಇಂಥ ದೇಹವನ್ನು ಏಕೈಕ ಕಂಬವಾಗಿ ನಿಲ್ಲಿಸಿ ಅದರ ಮೇಲೆ ಚಪ್ಪರ ಹಾಕಿದವರನ್ನು ಕೇಳುತ್ತಿದ್ದೇನೆ.

ದೈಹಿಕ ಶಿಕ್ಷಣ ಕಲಿಸಿದ ನಿಮಗೆ ಮೂಳೆಯ ವಿಷಯ ಹೇಳಬೇಕಾಗಿಲ್ಲ. ಮೂಳೆ ಪ್ರತಿ ನೆಗೆತದಲ್ಲೂ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ, ವಿಶ್ರಾಂತಿಯಲ್ಲಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಸವೆತ ಮುಂದೆ ಓಡಿ ರಿಪೇರಿ ಹಿಂದೆ ಉಳಿದರೆ ಬಿರುಕು. ನಾವಿಕ್ಯುಲರ್ ಮೂಳೆಯ ನಡುಭಾಗಕ್ಕೆ ರಕ್ತ ಹರಿಯುವುದೇ ಕಡಿಮೆ, ಆದ್ದರಿಂದ ಅದು ಕೂಡಿಕೊಳ್ಳುವುದೂ ನಿಧಾನ. ನೂರಿಪ್ಪತ್ತು ಕಿಲೋ ತೂಗುವ ಮನುಷ್ಯ ರೀಬೌಂಡಿಗೆ, ಅಂದರೆ ರಿಂಗಿಗೆ ಬಡಿದು ಮರಳುವ ಚೆಂಡಿಗೆ, ನೆಗೆದು ಒಂದೇ ಕಾಲಿನ ಮೇಲೆ ಇಳಿದಾಗ ಆ ಪುಟ್ಟ ಮೂಳೆಯ ಮೇಲೆ ಬೀಳುವುದು ಅವನ ತೂಕದ ಹಲವು ಪಟ್ಟು.

ಇದೆಲ್ಲ ನಮ್ಮ ಮೈಸೂರಿಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ವಿಜಯದಶಮಿಯಂದು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಅರಮನೆಯಿಂದ ಬನ್ನಿಮಂಟಪಕ್ಕೆ ಹೊರುವುದು ಒಂದೇ ಆನೆ. ಆದರೆ ತಾಲೀಮು ಒಂದೇ ಆನೆಗಲ್ಲ. ಗಜಪಯಣ ಬಂದಿಳಿದ ಮೇಲೆ ಬೆನ್ನಿಗೆ ಮರಳು ಮೂಟೆ ಕಟ್ಟಿ, ದಿನದಿನಕ್ಕೆ ತೂಕ ಏರಿಸಿ, ಮರದ ಅಂಬಾರಿ ಹೊರಿಸಿ, ಅಭಿಮನ್ಯುವಿನ ಜೊತೆಗೆ ಮಹೇಂದ್ರ, ಧನಂಜಯ, ಭೀಮರನ್ನೂ ಅದೇ ದಾರಿಯಲ್ಲಿ ನಡೆಸುತ್ತಾರೆ. ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಅರ್ಜುನನಿಗೆ ಅರವತ್ತು ತುಂಬಿತೆಂದು 2020ರಿಂದ ಆ ಭಾರವನ್ನು ಇಳಿಸಿದರು. ಆ ವಿವೇಕಕ್ಕೆ ಕೈಮುಗಿದೆ. ಆದರೆ ಅದೇ ಅರ್ಜುನನನ್ನು ಕಾಡಾನೆ ಹಿಡಿಯುವ ಕೆಲಸಕ್ಕೆ ಮತ್ತೆ ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆಯ ಯಸಳೂರಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಅವನು ಸತ್ತ. ಆ ಸುದ್ದಿ ಬಂದ ಸಂಜೆ ನಮ್ಮ ಕಚೇರಿಯಲ್ಲಿ ಯಾರೂ ಸರಿಯಾಗಿ ಮಾತನಾಡಲಿಲ್ಲ. ಅರ್ಜುನನಿದ್ದಾನಲ್ಲ ಎಂಬ ಮಾತು ಎಷ್ಟು ಅಪಾಯದ ಮಾತು ಎಂದು ನನಗೆ ಅಂದೇ ಅನಿಸಿತು.

ನನ್ನ ಬದುಕಿನ ಒಂದು ಸಂಗತಿಯನ್ನೂ ಹೇಳುತ್ತೇನೆ. ನಾನು ಮೈಸೂರಿನ ಹಾಸ್ಟೆಲೊಂದರಲ್ಲಿ ಓದುತ್ತಿದ್ದಾಗ ನನ್ನ ಕೋಣೆಯಲ್ಲಿ ಪಾಂಡವಪುರದ ಕಡೆಯ ಹುಡುಗನೊಬ್ಬನಿದ್ದ. ಆರಡಿ ಐದಿಂಚು. ಬ್ಯಾಸ್ಕೆಟ್‌ಬಾಲ್ ಎಂದರೇನೆಂದು ಗೊತ್ತಿಲ್ಲದೆ ಬಂದವನನ್ನು ಎತ್ತರ ನೋಡಿಯೇ ತಂಡಕ್ಕೆ ಸೇರಿಸಿಕೊಂಡರು. ಕಾಲೇಜಿನ ಕೋರ್ಟು ಸಿಮೆಂಟಿನದು. ಅವನು ನೆಗೆದು ಇಳಿದಾಗ ಬರುತ್ತಿದ್ದ ಸದ್ದು, ಒದ್ದೆ ಮೂಟೆಯನ್ನು ಲಾರಿಯಿಂದ ಕೆಡವಿದಂಥದು, ಇಂದಿಗೂ ನನ್ನ ಕಿವಿಯಲ್ಲಿದೆ. ರಾತ್ರಿ ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ಬೆಳಿಗ್ಗೆ ಅಯೋಡೆಕ್ಸ್ ತಿಕ್ಕಿ, ಕ್ರೇಪ್ ಬ್ಯಾಂಡೇಜ್ ಬಿಗಿದು ಹೊರಡುತ್ತಿದ್ದ. ಅವನು ಬಂದ ಮೇಲೆ ಉಳಿದ ನಾಲ್ವರು ಬೋರ್ಡಿನ ಕಡೆ ನೋಡುವುದನ್ನೇ ಬಿಟ್ಟಿದ್ದರು. ಚೆಂಡನ್ನು ಅವನಿದ್ದ ಕಡೆ ಎಸೆದರೆ ಅವರ ಕೆಲಸ ಮುಗಿಯಿತು. ಅಂತರ ಕಾಲೇಜು ಫೈನಲ್ ದಿನ ಅವನ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಯಾರನ್ನೋ ಕರೆತಂದು ಚುಚ್ಚುಮದ್ದು ಕೊಡಿಸಿದರು. ಶೀಲ್ಡ್ ಬಂತು. ಹುಡುಗ ಮುಂದಿನ ವರ್ಷ ಆಡಲಿಲ್ಲ, ಆಮೇಲೆಯೂ ಆಡಲಿಲ್ಲ.

ಈಗಲೂ ವರ್ಷಕ್ಕೊಮ್ಮೆ ನಮ್ಮ ಕಚೇರಿಗೆ ಬರುತ್ತಾನೆ. ಮಹಡಿಯ ಹದಿನೆಂಟು ಮೆಟ್ಟಿಲುಗಳನ್ನು ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದು ಮೆಟ್ಟಿಲ ಮೇಲೂ ಎರಡೂ ಪಾದ ಊರಿ ಹತ್ತುತ್ತಾನೆ. ಕಬ್ಬಿನ ಗದ್ದೆಯ ಕಾಲುವೆಗೆ ಇಳಿದು ನೀರು ಕಟ್ಟಲಾಗದೆ ಆಳಿಗೆ ಕೂಲಿ ಕೊಡುತ್ತಾನೆ. ಹಿಂದೊಮ್ಮೆ ಆ ಕಾಲೇಜಿಗೆ ಕೆಲಸದ ಮೇಲೆ ಹೋದಾಗ ಗಾಜಿನ ಕಪಾಟಿನಲ್ಲಿ ಆ ಶೀಲ್ಡ್ ನೋಡಿದೆ. ಇಸವಿ ಇತ್ತು, ಕಾಲೇಜಿನ ಹೆಸರಿತ್ತು. ಅವನ ಹೆಸರಿರಲಿಲ್ಲ.

ಆದ್ದರಿಂದ ಮೇಷ್ಟ್ರೇ, ಗಾಯಾಳುವನ್ನು ನೆಚ್ಚಿಕೊಳ್ಳುವುದನ್ನು ನಿಷ್ಠೆ ಎಂದು ಕರೆದಾಗ ನನಗೆ ಸಂಕಟವಾಗುತ್ತದೆ. ಫಿಲಡೆಲ್ಫಿಯಾದಲ್ಲಾದರೂ ಕೋಟಿಗಟ್ಟಲೆ ಡಾಲರ್ ಇದೆ, ಮರದ ಹಾಸಿನ ಕೋರ್ಟ್ ಇದೆ, ಬೆರಳು ಉಳುಕಿದರೂ ನೋಡಿಕೊಳ್ಳಲು ವೈದ್ಯರ ದಂಡೇ ಇದೆ. ನಮ್ಮ ಮಕ್ಕಳಿಗೆ ಏನಿದೆ? ಎಷ್ಟೋ ತಾಲ್ಲೂಕುಗಳಲ್ಲಿ ಕೋರ್ಟ್ ಎಂದರೆ ಬಿರುಕು ಬಿಟ್ಟ ಸಿಮೆಂಟ್ ಮತ್ತು ಬಲೆಯಿಲ್ಲದ ರಿಂಗ್. ತಂಡದ ಜೊತೆ ಫಿಸಿಯೋಥೆರಪಿಸ್ಟ್ ಬಂದದ್ದನ್ನು ನಾನು ಜಿಲ್ಲಾ ಮಟ್ಟದಲ್ಲಿ ಕಂಡಿಲ್ಲ. ಎತ್ತರದ ಮಗು ಸಿಕ್ಕರೆ ನಿಧಿ ಸಿಕ್ಕಿತೆಂದು ರಿಂಗಿನ ಕೆಳಗೆ ನೆಡುತ್ತಾರೆ; ಅದಕ್ಕೆ ಪಾಸ್ ಮಾಡುವುದನ್ನೂ ಡ್ರಿಬಲ್ ಮಾಡುವುದನ್ನೂ ಕಲಿಸುವುದಿಲ್ಲ, ನೆಗೆದ ಮೇಲೆ ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದನ್ನಂತೂ ಕಲಿಸುವುದೇ ಇಲ್ಲ. ಗೆದ್ದರೆ ಪತ್ರಿಕೆಗಳು ಕಪ್ ಹಿಡಿದ ಚಿತ್ರ ಹಾಕುತ್ತವೆ. ಆ ಮಗುವಿನ ಮಂಡಿ ಎರಡು ವರ್ಷದ ನಂತರ ಹೇಗಿದೆ ಎಂದು ವಿಚಾರಿಸಲು ಯಾರೂ ಹೋಗುವುದಿಲ್ಲ. ನಮ್ಮ ಪತ್ರಿಕೆಯೂ ಹೋಗಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನು ನಿಮ್ಮ ಮೊಮ್ಮಗ. ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮೊಳಕಾಲ ಮೂಳೆಯ ಎಳೆಯ ತುದಿಯನ್ನು ಜಗ್ಗಿ ನೋವಾಗುವುದುಂಟು. ನೆಗೆತ ಕಡಿಮೆ ಮಾಡಿದರೆ ಬಹಳಷ್ಟು ಮಕ್ಕಳಿಗೆ ಅದು ತಾನಾಗಿಯೇ ಇಳಿಯುತ್ತದೆ. ಬೇರೇನಾದರೂ ಇದ್ದರೆ ಅದನ್ನು ಹೇಳಬೇಕಾದವರು ವೈದ್ಯರೇ ಹೊರತು ಕೋಚ್ ಅಲ್ಲ, ನಾನೂ ಅಲ್ಲ, ನೀವೂ ಅಲ್ಲ. ವೈದ್ಯರು ಬೇಡ ಎಂದರೆ ದಸರಾ ಕ್ರೀಡಾಕೂಟ ಮುಂದಿನ ವರ್ಷವೂ ಬರುತ್ತದೆ. ಅಷ್ಟರಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂರಿಸಿ ಅವನಿಗೆ ಪಾಸ್ ಕಲಿಸಿ. ಕೋಚ್ ನಿಮ್ಮ ಶಿಷ್ಯರ ವಯಸ್ಸಿನವರೇ ಇರಬೇಕು, ನಿಮ್ಮ ಮಾತು ಕೇಳಿಯಾರು. ಉಳಿದ ಹುಡುಗರನ್ನು ಎರಡು ವಾರ ಅವನಿಲ್ಲದೆ ಆಡಿಸಲು ಹೇಳಿ, ಎದುರಾಳಿಯನ್ನು ಬೆನ್ನಿನಲ್ಲಿ ತಡೆದು ರೀಬೌಂಡ್ ಹಿಡಿಯುವುದನ್ನು ಐದೂ ಮಂದಿಗೆ ಕಲಿಸಲು ಹೇಳಿ.

ತಂಡ ಮೈಸೂರಿಗೆ ಆಡಲು ಬಂದ ದಿನ ನನಗೊಂದು ಮಾತು ತಿಳಿಸಿದರೆ ನಾನೂ ಬರುತ್ತೇನೆ, ಅವನ ಪಕ್ಕದಲ್ಲಿ ಕುಳಿತು ನೋಡೋಣ. ನಾಲ್ಕು ಪುಟದ ಪತ್ರದಲ್ಲಿ ಎಂಬೀಡ್ ಅವರ ಹೆಸರನ್ನು ಹದಿನೇಳು ಸಲ ಬರೆದಿದ್ದೀರಿ. ಮೊಮ್ಮಗನನ್ನು "ಜಿಲ್ಲಾ ತಂಡದ ಸೆಂಟರ್" ಎಂದಷ್ಟೇ ಬರೆದಿದ್ದೀರಿ. ಮುಂದಿನ ಪತ್ರದಲ್ಲಿ ಅವನ ಹೆಸರು ತಿಳಿಸಿ.